ಈ ಡೇಟಾ ತಪ್ಪಿದ್ದರೆ ಯಾರನ್ನು ಕೇಳಬೇಕು?

ಎಲ್ಲ ಶುರುವಾಗಿದ್ದು ಒಂದು ಇಮೇಲ್‌ನಿಂದ. ಐದು ಸಂಸ್ಥೆಗಳು ಸೇರಿ ನಡೆಸುವ ನಮ್ಮ ಪೋರ್ಟಲ್‌ನಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನದಿ ನೀರಿನ ಡೇಟಾ ಇಳಿಸಿಕೊಂಡು ಒಂದು ಗ್ರಾಫ್ ಹಾಕಿದ್ದರು. ನದಿ ಮೇಲಿನಿಂದ ಕೆಳಕ್ಕೆ ಹರಿಯುವ ಕ್ರಮದಲ್ಲೇ ಒಂದೊಂದು ಅಳತೆ ಕೇಂದ್ರ. ಎಂಟನೇ ಕೇಂದ್ರದ ತನಕ ನೈಟ್ರೇಟ್ ಲೀಟರಿಗೆ 3 ಮಿಲಿಗ್ರಾಂ ಆಸುಪಾಸಿನಲ್ಲಿತ್ತು. ಒಂಬತ್ತನೆಯದರಲ್ಲಿ ಇದ್ದಕ್ಕಿದ್ದ ಹಾಗೆ 14. "ಈ ಎರಡು ಕೇಂದ್ರಗಳ ನಡುವೆ ಏನಿದೆ? ಯಾರಾದರೂ ಕೊಳಚೆ ಬಿಡುತ್ತಿದ್ದಾರಾ?" ಅಂತ ಕೇಳಿದ್ದರು.

ನಡುವೆ ಏನೂ ಇರಲಿಲ್ಲ. ಇದ್ದದ್ದು ಎರಡು ಸಂಸ್ಥೆಗಳ ಗಡಿ, ಅಷ್ಟೇ. ಮೇಲಿನ ಎಂಟು ಕೇಂದ್ರಗಳನ್ನು ನೋಡಿಕೊಳ್ಳುವ ಸಂಸ್ಥೆ ನೈಟ್ರೇಟನ್ನು ಅದರೊಳಗಿನ ಸಾರಜನಕದ ತೂಕದಲ್ಲಿ ಬರೆಯುತ್ತಿತ್ತು. ಕೆಳಗಿನ ಕೇಂದ್ರಗಳ ಸಂಸ್ಥೆ ಇಡೀ ನೈಟ್ರೇಟಿನ ತೂಕದಲ್ಲಿ ಬರೆಯುತ್ತಿತ್ತು. ನೈಟ್ರೇಟಿನ ತೂಕ 62, ಅದರಲ್ಲಿ ಸಾರಜನಕದ ಪಾಲು 14. ಭಾಗಿಸಿದರೆ 4.43. ಆಕೆಯ ಗ್ರಾಫ್ ಹಾರಿದ್ದೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು. ನಮ್ಮ ಪೋರ್ಟಲ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ ತಲೆಬರಹ: "ನೈಟ್ರೇಟ್, ಮಿಗ್ರಾಂ/ಲೀ".

ಇದು ಸಣ್ಣ ವಿಷಯ ಅಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಇಡೀ ನೈಟ್ರೇಟಿನ ಲೆಕ್ಕ. ಸಾರಜನಕದ ಲೆಕ್ಕದಲ್ಲಿ 12 ಅಂತ ಬರೆದ ಸಂಖ್ಯೆಯನ್ನು ಯಾರೋ ಈ 50ರ ಪಕ್ಕ ಇಟ್ಟು ನೋಡಿದರೆ ನೀರು ಚೆನ್ನಾಗಿಯೇ ಇದೆ ಅನಿಸುತ್ತದೆ. ನಿಜವಾಗಿ ಅದು 53. ಎಳೆ ಮಕ್ಕಳಿಗೆ ಬಾಟಲಿ ಹಾಲು ಕಲಸುವ ನೀರಿನಲ್ಲಿ ಈ ವ್ಯತ್ಯಾಸ ಜೀವದ ಪ್ರಶ್ನೆ.

ಆ ಇಮೇಲ್‌ಗೆ ಉತ್ತರ ಬರೆಯೋಕೆ ಹತ್ತು ನಿಮಿಷ ಸಾಕಿತ್ತು. ನಮಗೆ ಏಳು ವಾರ ಹಿಡಿಯಿತು. ಪೋರ್ಟಲ್‌ನಲ್ಲಿ ಕೊಟ್ಟಿದ್ದ ವಿಳಾಸ ನಿವೃತ್ತರಾದ ಒಬ್ಬರದು, ಇಮೇಲ್ ವಾಪಸ್ ಬಂತು. ಆಕೆ ಪಟ್ಟು ಬಿಡದೆ ಸರ್ವರ್ ನಡೆಸುವವರಿಗೆ ಬರೆದರು. "ನಾವು ಜಾಗ ಕೊಟ್ಟಿದ್ದೇವೆ, ಸಂಖ್ಯೆಗಳು ನಮ್ಮವಲ್ಲ" ಅಂತ ಅವರು ಮೇಲಿನ ಸಂಸ್ಥೆಗೆ ಕಳಿಸಿದರು. ಆ ಸಂಸ್ಥೆಯವರು ತಮ್ಮ ಲ್ಯಾಬ್ ದಾಖಲೆ ತೆಗೆದು ನೋಡಿ, ನಮ್ಮದು ಸರಿ ಇದೆ ಅಂದರು. ಕೆಳಗಿನವರೂ ನೋಡಿ, ನಮ್ಮದೂ ಸರಿ ಇದೆ ಅಂದರು. ಇಬ್ಬರು ಹೇಳಿದ್ದೂ ನಿಜ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ.

ನಮ್ಮದು ಐದು ಸಂಸ್ಥೆಗಳ ಕೂಟ. ನೀರಿನ ಗುಣಮಟ್ಟ ಅಳೆಯುವವು ಎರಡು, ನೀರಿನ ಹರಿವು ಅಳೆಯುವುದು ಒಂದು, ಮೀನು ಮತ್ತು ಜಲಸಸ್ಯ ಎಣಿಸುವುದು ಒಂದು, ಸರ್ವರ್ ನಡೆಸುವುದು ಒಂದು. ನಾನು ಈ ಐದರಲ್ಲಿ ಒಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಡೇಟಾ ಹಂಚಿಕೊಳ್ಳುತ್ತೇವೆ ಅಂತ ಎಲ್ಲರೂ ಒಪ್ಪಂದಕ್ಕೆ ಸಹಿ ಹಾಕಿದ್ದರು. ಹಂಚಿಕೊಂಡ ಮೇಲೆ ನೋಡಿಕೊಳ್ಳುವವರು ಯಾರು? ಅದಕ್ಕೆ ಒಪ್ಪಂದದಲ್ಲಿ ಇದ್ದದ್ದು ಒಂದೇ ವಾಕ್ಯ: "ಎಲ್ಲ ಸದಸ್ಯ ಸಂಸ್ಥೆಗಳೂ ಜಂಟಿಯಾಗಿ ಹೊಣೆ." ಆ ವಾಕ್ಯವನ್ನು ನಾನು ಮೊದಲೂ ಓದಿದ್ದೆ. ಚೆನ್ನಾಗಿದೆ ಅಂತಲೂ ಅನಿಸಿತ್ತು. ಏಳು ವಾರ ಕಳೆದ ಮೇಲೆ ಅದನ್ನೇ ಓದಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ಈ ಹೊಣೆ ಹಂಚುವ ಕೆಲಸದ ಕರಡು ಮಾಡಲು ನನಗೇ ಹೇಳಿದರು. ಹದಿನಾಲ್ಕು ತಿಂಗಳು ಹಿಡಿಯುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಮಾಡಿದ್ದು ಒಂದು ಪಟ್ಟಿ. ಪೋರ್ಟಲ್‌ನಲ್ಲಿದ್ದ 43 ಡೇಟಾ ಗುಂಪುಗಳನ್ನು ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ "ಇದು ಯಾರ ಹೊಣೆ?" ಅಂತ ಖಾಲಿ ಕಾಲಂ ಬಿಟ್ಟೆ. ಐದೂ ಸಂಸ್ಥೆಗಳಿಗೆ ಬೇರೆ ಬೇರೆಯಾಗಿ ಕಳಿಸಿದೆ. ಒಟ್ಟಿಗೆ ಕೂತು ತುಂಬಿದರೆ ಒಬ್ಬರ ಮುಖ ಇನ್ನೊಬ್ಬರು ನೋಡಿ ತುಂಬುತ್ತಾರೆ, ಅದು ಬೇಡ ಅನಿಸಿತ್ತು. ವಾಪಸ್ ಬಂದಾಗ 11 ಸಾಲುಗಳಲ್ಲಿ ಎರಡೆರಡು ಸಂಸ್ಥೆಗಳು "ನಮ್ಮದು" ಅಂದಿದ್ದವು. 9 ಸಾಲುಗಳನ್ನು ಯಾರೂ ಮುಟ್ಟಿರಲಿಲ್ಲ.

ಆ 9 ಸಾಲುಗಳನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತೆ. ಒಂದು, ಅಳತೆ ಕೇಂದ್ರಗಳ ಪಟ್ಟಿ. ಇನ್ನೊಂದು, ಯಾವ ಅಳತೆಗೆ ಯಾವ ಸಂಕೇತ, ಯಾವ ಮಾನ (ಯೂನಿಟ್) ಅನ್ನುವ ಪಟ್ಟಿ. ಮತ್ತೊಂದು, ಕಂಪ್ಯೂಟರ್ ಬರುವ ಮೊದಲಿನ ಕಾಗದದ ರಿಜಿಸ್ಟರ್‌ಗಳ ಸ್ಕ್ಯಾನ್. ಉಳಿದವೂ ಈ ಜಾತಿಯವೇ. ಹೆಸರು ತರುವ ಡೇಟಾ ಎಲ್ಲರಿಗೂ ಬೇಕಿತ್ತು. ಆ ಡೇಟಾ ನಿಂತಿರುವ ನೆಲ ಯಾರಿಗೂ ಬೇಕಿರಲಿಲ್ಲ. ನೈಟ್ರೇಟ್ ಗ್ರಾಫ್ ಹಾರಿದ್ದು ಯಾಕೆ ಅಂದರೆ, ಮಾನಗಳ ಪಟ್ಟಿ ಆ 9ರಲ್ಲಿ ಒಂದಾಗಿತ್ತು.

ಮೊದಲ ಸಭೆ ಒಂದೇ ಒಂದು ಪದಕ್ಕೆ ಕೆಟ್ಟಿತು: "ಒಡೆತನ". ಕಾಲಂನ ತಲೆಬರಹ ತಿದ್ದುವಾಗ ನಾನು "ಡೇಟಾದ ಒಡೆಯರು" ಅಂತ ಹಾಕಿದ್ದೆ. ಆ ಪದ ಕಂಡ ಕೂಡಲೇ ಎಲ್ಲರಿಗೂ ಬಿಟ್ಟುಕೊಟ್ಟರೆ ಕಳೆದುಕೊಂಡೆವು ಅನ್ನುವ ಭಾವನೆ ಬಂತು. ಹರಿವಿನ ಡೇಟಾಕ್ಕೆ ಇಬ್ಬರು ಅರ್ಧ ದಿನ ಜಗ್ಗಾಡಿದರು. ಮುಂದಿನ ಸಭೆಯೊಳಗೆ ನಾನು ಓದಿಕೊಂಡು ಹೋದೆ. ಭೌಗೋಳಿಕ ಮಾಹಿತಿಯ ವಿವರಪಟ್ಟಿ, ಅಂದರೆ ಡೇಟಾ ಏನು, ಯಾರದು ಅಂತ ಹೇಳುವ ಪಟ್ಟಿ, ಹೇಗಿರಬೇಕು ಅನ್ನೋದಕ್ಕೆ ಐಎಸ್‌ಒ 19115 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ 2003ರ ಆವೃತ್ತಿಯಲ್ಲೇ ಒಂದು ಡೇಟಾದ ಜೊತೆ ಯಾರ್ಯಾರಿಗೆ ಯಾವ ಸಂಬಂಧ ಇರಬಹುದು ಅಂತ 11 ಪಾತ್ರಗಳನ್ನು ಹೆಸರಿಸಿದ್ದಾರೆ. ಒಡೆಯರು ಬೇರೆ, ಜೋಪಾನ ಮಾಡುವವರು ಬೇರೆ, ಹುಟ್ಟುಹಾಕಿದವರು ಬೇರೆ, ಸಂಸ್ಕರಿಸುವವರು ಬೇರೆ, ವಿತರಿಸುವವರು ಬೇರೆ, ಸಂಪರ್ಕಕ್ಕೆ ಸಿಗುವವರು ಬೇರೆ. ಇದನ್ನು ನೋಡಿದಾಗ ಬಗ್ಗಡ ನೀರು ತಿಳಿಯಾದ ಹಾಗಾಯಿತು. ನಾವು ಆರೇಳು ಕೆಲಸಗಳನ್ನು ಒಂದೇ ಪದದಲ್ಲಿ ತುರುಕಿ ಜಗಳ ಆಡುತ್ತಿದ್ದೆವು.

"ಒಡೆಯರು" ಅನ್ನುವ ಪದವನ್ನೇ ಕರಡಿನಿಂದ ತೆಗೆದೆ. ಆಮೇಲೆ ಸಭೆಯಲ್ಲಿ ದನಿಗಳು ತಗ್ಗಿದವು.

ಆದರೂ ಪಾತ್ರಗಳ ಹೆಸರು ಗೊತ್ತಾದ ಮಾತ್ರಕ್ಕೆ ಯಾರಿಗೆ ಯಾವುದು ಅಂತ ತಿಳಿಯಲಿಲ್ಲ. ಅದಕ್ಕೆ ಒಂದು ಬಾಟಲಿಯ ಹಿಂದೆ ಹೋದೆ. ನಿಜವಾಗಿ ಹೋದೆ. ನೀರು ತುಂಬುವವರ ಜೊತೆ ಬೆಳಿಗ್ಗೆ ಹೊರಟು, ಆ ನೀರಿನ ಸಂಖ್ಯೆ ಪೋರ್ಟಲ್‌ನಲ್ಲಿ ಕಾಣುವ ತನಕ ಅದು ಎಲ್ಲೆಲ್ಲಿ ಹೋಗುತ್ತದೆ ಅಂತ ಹಿಂಬಾಲಿಸಿದೆ. ಹೊಣೆ ಹಂಚಲು ಕೂತ ಯಾರೇ ಆಗಲಿ, ಇದನ್ನು ಒಂದು ಸಲ ಮಾಡಲೇಬೇಕು ಅಂತ ನನ್ನ ಗಟ್ಟಿ ಅನಿಸಿಕೆ.

ಬಾಟಲಿಯ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದರು. ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ. ಕೇಂದ್ರದ ಸಂಖ್ಯೆ, ದಿನಾಂಕ, ಹೊತ್ತು, ತುಂಬಿದವರ ಸಹಿ. ಬಾಟಲಿ ಐಸ್ ಪೆಟ್ಟಿಗೆಗೆ ಹೋಯಿತು. ನೈಟ್ರೇಟ್ ಅಳೆಯಬೇಕಾದ ನೀರನ್ನು 4 ಡಿಗ್ರಿ ಆಸುಪಾಸಿನಲ್ಲಿ ಇಟ್ಟು, ಸಾಮಾನ್ಯವಾಗಿ 48 ಗಂಟೆಯೊಳಗೆ ಪರೀಕ್ಷೆ ಮಾಡಬೇಕು. ಇಲ್ಲದಿದ್ದರೆ ಅದರೊಳಗಿನ ಸೂಕ್ಷ್ಮಜೀವಿಗಳೇ ಸಂಖ್ಯೆಯನ್ನು ಬದಲಾಯಿಸುತ್ತವೆ. ಲ್ಯಾಬ್‌ನಲ್ಲಿ ಅದಕ್ಕೆ ಇನ್ನೊಂದು ಸಂಖ್ಯೆ ಬಂತು. ಯಂತ್ರದಿಂದ ಪುಸ್ತಕಕ್ಕೆ, ಪುಸ್ತಕದಿಂದ ಲ್ಯಾಬ್ ಸಾಫ್ಟ್‌ವೇರ್‌ಗೆ, ಅಲ್ಲಿಂದ ತಿಂಗಳ ಕೊನೆಗೆ ಒಂದು ಫೈಲ್‌ಗೆ, ಫೈಲ್‌ನಿಂದ ನಮ್ಮ ಸರ್ವರ್‌ಗೆ. ನಾನು ಎಣಿಸಿದಾಗ ಒಂಬತ್ತು ಕೈ ಬದಲಾಗಿತ್ತು.

ಏಳನೇ ಕೈಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಅಮೋನಿಯಾ ಕಾಲಂನಲ್ಲಿ ಲ್ಯಾಬ್ ಪುಸ್ತಕ "<0.05" ಅಂತ ಹೇಳುತ್ತಿತ್ತು. ಅಂದರೆ ಯಂತ್ರ ಹಿಡಿಯಬಲ್ಲ ಕನಿಷ್ಠಕ್ಕಿಂತ ಕಡಿಮೆ, ಎಷ್ಟು ಅಂತ ಗೊತ್ತಿಲ್ಲ. ಪೋರ್ಟಲ್‌ನಲ್ಲಿ ಅದೇ ಜಾಗದಲ್ಲಿ 0 ಇತ್ತು. "ಗೊತ್ತಿಲ್ಲ" ಅನ್ನೋದು "ಇಲ್ಲವೇ ಇಲ್ಲ" ಅಂತ ಆಗಿಬಿಟ್ಟಿತ್ತು. ಹುಡುಕಿದರೆ, ಫೈಲ್ ಓದುವ ಪ್ರೋಗ್ರಾಂನಲ್ಲಿ ಒಂದು ಸಾಲು. ಚಿಹ್ನೆ ಕಂಡರೆ ಸೊನ್ನೆ ಹಾಕು ಅಂತ. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಆ ಸಾಲು ಯಾರೂ ಕೇಳದೆ ವರ್ಷಗಟ್ಟಲೆ ಎಲ್ಲರ ಸರಾಸರಿಗಳನ್ನೂ ಕೆಳಕ್ಕೆ ಎಳೆಯುತ್ತಿತ್ತು.

ಲ್ಯಾಬ್‌ನ ಮುಖ್ಯಸ್ಥರಿಗೆ ಅದನ್ನು ತೋರಿಸಿದೆ. ಅವರು ಪರದೆ ನೋಡಿದರು, ತಮ್ಮ ಪುಸ್ತಕ ನೋಡಿದರು. "ನಾವು ಇಷ್ಟು ಕಷ್ಟಪಟ್ಟು ಆ ಚಿಹ್ನೆ ಹಾಕ್ತೀವಿ. ನಮ್ಮನ್ನ ಒಂದು ಮಾತು ಕೇಳಬಹುದಿತ್ತಲ್ವಾ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. "ತಪ್ಪಾಯ್ತು ಮೇಡಂ" ಅಂದೆ. ಆ ಸಾಲು ನಾನು ಬರೆದದ್ದಲ್ಲ, ಆದರೂ ಹಾಗೆ ಹೇಳಲೇಬೇಕು ಅನಿಸಿತು.

ಅಲ್ಲಿಂದಲೇ ಕರಡಿನ ಮುಖ್ಯ ನಿಯಮ ಹುಟ್ಟಿತು. ಸಂಖ್ಯೆ ಎಲ್ಲಿ ಹುಟ್ಟಿತೋ ಅಲ್ಲೇ ತಿದ್ದಬೇಕು. ಸರ್ವರ್ ನಡೆಸುವವರಿಗೆ ಅನುಮಾನ ಬಂದರೆ ಸಂಖ್ಯೆಯ ಪಕ್ಕದಲ್ಲಿ ಗುರುತು ಹಾಕಬಹುದು, ಸಂಖ್ಯೆಯನ್ನು ಮುಟ್ಟುವ ಹಾಗಿಲ್ಲ. ಲ್ಯಾಬ್ ತಿದ್ದಿದರೂ ಹಳೆಯದನ್ನು ಅಳಿಸುವ ಹಾಗಿಲ್ಲ. ಹಳೆಯದು, ಹೊಸದು, ತಿದ್ದಿದ ದಿನ, ಕಾರಣ, ನಾಲ್ಕೂ ಇರಬೇಕು.

ಹೊಣೆಯನ್ನು ನಾಲ್ಕು ಭಾಗ ಮಾಡಿದೆವು: ಅಳೆಯುವವರು, ಸರಿ ಅಂತ ಒಪ್ಪುವವರು, ಕಾಪಾಡುವವರು, ಕೇಳಿದವರಿಗೆ ಉತ್ತರ ಕೊಡುವವರು. ಇದು ನಮ್ಮ ತಲೆಯಲ್ಲೇ ಹುಟ್ಟಿದ್ದೇನಲ್ಲ. ಯುರೋಪಿನ ಇನ್‌ಸ್ಪೈರ್ ನಿರ್ದೇಶನ 2007ರಲ್ಲಿ ಬಂತು. ಭೌಗೋಳಿಕ ಡೇಟಾವನ್ನು ರೂಪಿಸಲು, ನಿರ್ವಹಿಸಲು, ಸುಸ್ಥಿತಿಯಲ್ಲಿಡಲು, ವಿತರಿಸಲು ಹೊಣೆ ಹೊತ್ತ ಸರ್ಕಾರಿ ಸಂಸ್ಥೆ ಯಾವುದು ಅಂತ ವಿವರಪಟ್ಟಿಯಲ್ಲಿ ಬರೆಯಲೇಬೇಕು ಅಂತ ಅದರ 5ನೇ ವಿಧಿ ಹೇಳುತ್ತದೆ. ಅಮೆರಿಕದಲ್ಲಿ ನಕ್ಷೆ, ಭೌಗೋಳಿಕ ಡೇಟಾ ಬಗ್ಗೆ ಸರ್ಕಾರದ ಎ-16 ಅನ್ನುವ ಸುತ್ತೋಲೆ 1953ರಷ್ಟು ಹಳೆಯದು. 2002ರಲ್ಲಿ ಪರಿಷ್ಕರಿಸಿದಾಗ ಅದರಲ್ಲಿ ಪ್ರತಿ ವಿಷಯಕ್ಕೂ ಮುಂದಾಳಾಗುವ ಇಲಾಖೆಗಳನ್ನು ಹೆಸರಿಸಿ ಬರೆದರು. ಇವನ್ನೆಲ್ಲ ಸಭೆಯಲ್ಲಿ ಓದಿ ಹೇಳಿದ್ದಕ್ಕೆ ಒಂದು ಲಾಭ ಆಯಿತು. ನಮ್ಮ ಐದು ಸಂಸ್ಥೆಗಳು ಕೆಟ್ಟವು ಅನ್ನುವ ಕಾರಣಕ್ಕೆ ಈ ಗೊಂದಲ ಅಲ್ಲ, ಎಲ್ಲ ಕಡೆಯೂ ಇದನ್ನು ಬರೆದೇ ಬಗೆಹರಿಸಬೇಕಾಯಿತು ಅನ್ನೋದು ಮನದಟ್ಟಾಯಿತು.

ನಾಲ್ಕರಲ್ಲಿ ಮೂರು ಭಾಗ ಸುಲಭವಾಗಿ ಹಂಚಿಹೋದವು. ಉತ್ತರ ಕೊಡುವ ಕೆಲಸಕ್ಕೆ ಮಾತ್ರ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಹಾಗಾಯಿತು. ಉತ್ತರ ಕೊಟ್ಟವರ ಮೇಲೆಯೇ ಮುಂದಿನ ಪ್ರಶ್ನೆಯೂ ಬೀಳುತ್ತದೆ ಅನ್ನುವ ಹೆದರಿಕೆ. ಅದು ಸುಳ್ಳಲ್ಲ, ಹಾಗೇ ಆಗುತ್ತದೆ. ನಾವು ಮಾಡಿದ್ದು ಇಷ್ಟು: ಒಂದು ಡೇಟಾ ಗುಂಪಿಗೆ ಉತ್ತರ ಕೊಡುವವರು ಒಬ್ಬರೇ, ಎರಡು ಹೆಸರು ಇರಕೂಡದು. ಪ್ರಶ್ನೆ ತಪ್ಪಾದ ಬಾಗಿಲಿಗೆ ಬಂದರೆ "ನಮ್ಮದಲ್ಲ" ಅಂತ ಮುಗಿಸುವ ಹಾಗಿಲ್ಲ. ಐದು ಕೆಲಸದ ದಿನದೊಳಗೆ ಸರಿಯಾದ ಬಾಗಿಲಿಗೆ ದಾಟಿಸಿ, ಕೇಳಿದವರಿಗೂ ತಿಳಿಸಬೇಕು. ಪರಿಸರ ಮಾಹಿತಿ ಪಡೆಯುವ ಜನರ ಹಕ್ಕಿನ ಬಗ್ಗೆ 1998ರ ಆರ್ಹುಸ್ ಒಪ್ಪಂದದಲ್ಲಿ ಇದೇ ಮಾತಿದೆ. ಕೇಳಿದ ಮಾಹಿತಿ ತನ್ನ ಹತ್ತಿರ ಇಲ್ಲದಿದ್ದರೆ, ಯಾರ ಹತ್ತಿರ ಇರಬಹುದು ಅಂತ ಬೇಗ ತಿಳಿಸಬೇಕು, ಇಲ್ಲವೇ ಅರ್ಜಿಯನ್ನು ಅಲ್ಲಿಗೆ ದಾಟಿಸಿ ಹೇಳಬೇಕು. ಉತ್ತರಕ್ಕೆ ಅಲ್ಲಿ ಒಂದು ತಿಂಗಳ ಗಡುವು, ವಿಷಯ ಜಟಿಲವಾಗಿದ್ದರೆ ಎರಡು. ನಮ್ಮ ಏಳು ವಾರ ಒಂದು ಮಾನದ ಗೊಂದಲಕ್ಕೆ ಹೋಗಿತ್ತು.

ಹಣದ ಮಾತು ಹತ್ತನೇ ತಿಂಗಳಲ್ಲಿ ಬಂತು. ಮೊದಲೇ ಎತ್ತಬೇಕಿತ್ತು ಅಂತ ಈಗ ಅನಿಸುತ್ತದೆ. ಹರಿವು ಅಳೆಯುವ ಸಂಸ್ಥೆಯ ನಿರ್ದೇಶಕರು ಕರಡು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು: "ಹೊಣೆ ಕೊಡ್ತಿದ್ದೀರಿ, ಸಂತೋಷ. ಜನ ಕೊಡ್ತೀರಾ?" ಯಾರೂ ಮಾತಾಡಲಿಲ್ಲ. ಆಗ ನಾನು ಅಮೆರಿಕದ ವಿಜ್ಞಾನಿ ಕೀಲಿಂಗ್ ಅವರ ಕಥೆ ಹೇಳಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಅಳೆಯುತ್ತಾ ಬಂದ ಆ ಪ್ರಸಿದ್ಧ ಗ್ರಾಫ್‌ನಲ್ಲಿ 1964ರಲ್ಲಿ ಒಂದು ಸಣ್ಣ ಖಾಲಿ ಜಾಗ ಇದೆ. ಯಂತ್ರ ಹಾಳಾಗಿ ಅಲ್ಲ, ಹಣ ಕಡಿತವಾಗಿ ಕೆಲವು ತಿಂಗಳು ಅಳತೆ ನಿಂತಿತು. ಆ ತಿಂಗಳುಗಳ ಗಾಳಿಯನ್ನು ಈಗ ಯಾರು ವಾಪಸ್ ತಂದು ಅಳೆಯುತ್ತಾರೆ? ಇವತ್ತು ಅದೇ ಜಾಗದಲ್ಲಿ ಸ್ಕ್ರಿಪ್ಸ್ ಮತ್ತು ನೋವಾ ಅನ್ನುವ ಎರಡು ಸಂಸ್ಥೆಗಳು ಬೇರೆ ಬೇರೆಯಾಗಿ ಅಳೆಯುತ್ತವೆ, ಒಂದರ ಸಂಖ್ಯೆಗೆ ಇನ್ನೊಂದು ಸಾಕ್ಷಿ.

ಕೊನೆಗೆ ಕರಡಿಗೆ ಒಂದು ಕಾಲಂ ಜಾಸ್ತಿಯಾಯಿತು. ಈ ಹೊಣೆಗೆ ವಾರಕ್ಕೆ ಎಷ್ಟು ಗಂಟೆ, ಯಾವ ಬಜೆಟ್‌ನಿಂದ. ಆ ಕಾಲಂ ಖಾಲಿ ಇದ್ದರೆ ಹೊಣೆ ಒಪ್ಪಿಕೊಂಡ ಹಾಗಲ್ಲ. ಇದಕ್ಕಾಗಿ ಮೂರು ಸಾಲುಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಬೇಸರವಾಯಿತು, ಆದರೆ ಸುಮ್ನೆ ಹೆಸರು ಬರೆದು ಕೈ ತೊಳೆದುಕೊಳ್ಳುವುದಕ್ಕಿಂತ ಅದು ಮೇಲು.

ಅಳತೆ ಕೇಂದ್ರಗಳ ಪಟ್ಟಿಯನ್ನು ತೆಗೆದುಕೊಂಡವರು ಇದೇ ನಿರ್ದೇಶಕರು. ಐದರಲ್ಲಿ ಅತಿ ಚಿಕ್ಕ ಸಂಸ್ಥೆ ಅವರದು. ಕಾರಣ ಸರಳವಾಗಿತ್ತು. ಅವರ ಜನ ಪ್ರತಿ ತಿಂಗಳೂ ಕೇಂದ್ರಗಳಿಗೆ ಹೋಗುತ್ತಾರೆ. ಎಲ್ಲಿ ದಡ ಕುಸಿದಿದೆ, ಯಾವ ಗೇಜು ವಾಲಿದೆ, ಯಾವ ಸೇತುವೆ ಹೊಸದಾಗಿದೆ ಅಂತ ಮೊದಲು ಗೊತ್ತಾಗುವುದು ಅವರಿಗೆ. ಕೂತಲ್ಲೇ ಪಟ್ಟಿ ಕಾಯುವವರಿಗಿಂತ ಕಾಲು ಸವೆಸುವವರ ಕೈಯಲ್ಲಿ ಪಟ್ಟಿ ಇರಲಿ ಅಂತ ಎಲ್ಲರೂ ಒಪ್ಪಿದರು. ಎರಡೇ ತಿಂಗಳಲ್ಲಿ ಅವರು ಒಂದು ಪತ್ತೆ ಮಾಡಿದರು: ನಮ್ಮ ಒಂಬತ್ತನೇ ಕೇಂದ್ರ ಒಂದಲ್ಲ, ಎರಡು. ನೀರು ತುಂಬುವವರು ಸೇತುವೆ ಮೇಲಿನಿಂದ ತುಂಬುತ್ತಿದ್ದರು, ಮೀನು ಎಣಿಸುವವರು 600 ಮೀಟರ್ ಕೆಳಗಿನ ದಡದಲ್ಲಿ ಎಣಿಸುತ್ತಿದ್ದರು. ನಡುವೆ ಒಂದು ಹಳ್ಳ ಬಂದು ಸೇರುತ್ತದೆ. ಪೋರ್ಟಲ್‌ನಲ್ಲಿ ಎರಡಕ್ಕೂ ಒಂದೇ ಸಂಕೇತ.

ಇನ್ನೊಂದು ವಿಷಯಕ್ಕೆ ನಾನು ಹಟ ಹಿಡಿದೆ. ವಿವರಪಟ್ಟಿಯಲ್ಲಿ ವ್ಯಕ್ತಿಯ ಹೆಸರು ಬೇಡ, ಹುದ್ದೆಯ ಹೆಸರು ಇರಲಿ. ವಿಳಾಸವೂ ಹುದ್ದೆಯದೇ, ಅದನ್ನು ಕನಿಷ್ಠ ಇಬ್ಬರು ತೆರೆದು ನೋಡಬೇಕು. ಹಿರಿಯರೊಬ್ಬರಿಗೆ ನೋವಾಯಿತು. "ಮೂವತ್ತು ವರ್ಷದಿಂದ ಈ ಡೇಟಾ ಅಂದರೆ ನನ್ನ ಹೆಸರು ಹೇಳ್ತಾರೆ" ಅಂದರು. ಅವರ ಮಾತು ಸರಿಯಾಗಿತ್ತು. ಅದಕ್ಕೆ ಡೇಟಾ ರೂಪಿಸಿದವರ ಹೆಸರನ್ನು ಶಾಶ್ವತವಾಗಿ ಉಳಿಸುವ ಇನ್ನೊಂದು ಜಾಗ ಮಾಡಿದೆವು. ಶ್ರಮದ ಹೆಸರು ಅಲ್ಲಿ, ಹೊಣೆಯ ಹುದ್ದೆ ಇಲ್ಲಿ. ಜೊತೆಗೆ, ಸಂಸ್ಥೆಯೇ ಹೊಣೆ ಬಿಡಬೇಕಾಗಿ ಬಂದರೆ ಏನು ಅಂತಲೂ ಬರೆದೆವು: ಒಂದು ವರ್ಷ ಮೊದಲು ತಿಳಿಸಬೇಕು, ಇನ್ನೊಬ್ಬರು ತೆಗೆದುಕೊಳ್ಳುವ ತನಕ ಬಿಡುವ ಹಾಗಿಲ್ಲ. ಇಡೀ ಜಗತ್ತಿನ ನದಿ, ಕೆರೆಗಳ ನೀರಿನ ಗುಣಮಟ್ಟದ ಡೇಟಾ ಕೂಡಿಸುವ ವಿಶ್ವಸಂಸ್ಥೆಯ ಕಾರ್ಯಕ್ರಮ ಜೆಮ್ಸ್ ವಾಟರ್ 1978ರಲ್ಲಿ ಶುರುವಾದದ್ದು. ದಶಕಗಳ ಕಾಲ ಕೆನಡಾದಲ್ಲಿದ್ದ ಅದರ ಡೇಟಾ ಕೇಂದ್ರವನ್ನು 2014ರಲ್ಲಿ ಜರ್ಮನಿಯ ಕೊಬ್ಲೆಂಜ್‌ನ ಜಲವಿಜ್ಞಾನ ಸಂಸ್ಥೆ ವಹಿಸಿಕೊಂಡಿತು. ಕೈ ಬದಲಾಗುವುದು ತಪ್ಪಲ್ಲ, ನಡುವೆ ಕೆಳಗೆ ಬೀಳಬಾರದು ಅಷ್ಟೇ.

ಕಾಗದದ ರಿಜಿಸ್ಟರ್‌ಗಳ ಸ್ಕ್ಯಾನ್ ಇನ್ನೂ ಯಾರ ಕೈಗೂ ಹೋಗಿಲ್ಲ. ಹಣದ ಕಾಲಂ ತುಂಬಲು ಯಾರಿಗೂ ಆಗಲಿಲ್ಲ. ಪೋರ್ಟಲ್‌ನಲ್ಲಿ ಅದರ ಪಕ್ಕ "ಹೊಣೆಗಾರರು ಇಲ್ಲ" ಅಂತ ಕೆಂಪಕ್ಷರದಲ್ಲಿ ಹಾಕಿದ್ದೇವೆ. ಹಾಗೆ ಹಾಕಲು ಸಭೆಯಲ್ಲಿ ಇಬ್ಬರು ಒಪ್ಪಿರಲಿಲ್ಲ, ಮರ್ಯಾದೆ ಹೋಗುತ್ತದೆ ಅಂದರು. ಮುಚ್ಚಿಟ್ಟರೆ ಇನ್ನೂ ಜಾಸ್ತಿ ಹೋಗುತ್ತದೆ ಅಂತ ನಾನು ವಾದಿಸಿದೆ. ಈಗಲೂ ಪೋರ್ಟಲ್ ತೆರೆದಾಗ ನನ್ನ ಕಣ್ಣು ಮೊದಲು ಆ ಕೆಂಪಕ್ಷರಕ್ಕೆ ಹೋಗುತ್ತದೆ.

ಸಹಿ ಬಿದ್ದ ವಾರ ಆ ವಿದ್ಯಾರ್ಥಿನಿಗೆ ಬರೆದೆ. ಅವರ ಗ್ರಾಫ್‌ನಿಂದ ಏನೇನಾಯಿತು ಅಂತ ಪೂರ್ತಿ ಹೇಳಿದೆ. ನೈಟ್ರೇಟ್ ಡೇಟಾದ ಹೊಸ ಆವೃತ್ತಿಯ ಜೊತೆ, ಹಳೆಯದರಲ್ಲಿ ತಪ್ಪು ಎಲ್ಲಿತ್ತು ಅನ್ನುವ ಟಿಪ್ಪಣಿಯೂ ಇತ್ತು. ಅವರು ಧನ್ಯವಾದ ಹೇಳಿದರು. ಕೆಲವು ತಿಂಗಳ ಮೇಲೆ ಅವರಿಗೆ ಇನ್ನೊಂದು ಅನುಮಾನ ಬಂತು. ನಾಲ್ಕನೇ ಕೇಂದ್ರದ ಕ್ಲೋರೈಡ್ ಒಂದು ದಿನ ಮಾತ್ರ ಹತ್ತು ಪಟ್ಟು ಇದೆಯಲ್ಲ ಅಂತ. ಈ ಸಲ ಅವರು ವಿವರಪಟ್ಟಿಯಲ್ಲಿದ್ದ ವಿಳಾಸಕ್ಕೆ ನೇರವಾಗಿ ಬರೆದರು. ಮೂರನೇ ದಿನ ಉತ್ತರ ಹೋಯಿತು: ದಶಮಾಂಶ ಬಿಂದು ಜರುಗಿದೆ, ಲ್ಯಾಬ್ ಪುಸ್ತಕದಲ್ಲಿ ಸರಿ ಇದೆ, ತಿದ್ದಿದ್ದೇವೆ, ಹಳೆಯ ಸಂಖ್ಯೆ ಗುರುತಿನ ಜೊತೆ ಹಾಗೇ ಇದೆ. ನನಗೆ ಅದರ ಪ್ರತಿ ಬಂದಿತ್ತು, ಅಷ್ಟೇ. ಬರೆದವರು ಯಾರು ಅಂತ ಗೊತ್ತಾಗಲಿಲ್ಲ. ಕೆಳಗೆ ಹುದ್ದೆಯ ಹೆಸರು ಮಾತ್ರ ಇತ್ತು.